ತೊಳೆಯದ ಗಾಯ

ನಮ್ಮ ಬೀದಿಯ ಕೊನೆಯಲ್ಲಿ ನನ್ನ ಓರಗಿತ್ತಿಯ ಮನೆ. ಹನ್ನೆರಡು ವರ್ಷ ನಾನು ಆ ಮನೆಯ ಮುಂದೆ ತಲೆ ತಗ್ಗಿಸಿಕೊಂಡೇ ಹಾದುಹೋಗಿದ್ದೇನೆ. ಮಾವನವರು ತೀರಿಕೊಂಡ ಮೇಲೆ ಪಾಲಾಗುವಾಗ ಹಿತ್ತಿಲ ಜಾಗದ ವಿಷಯದಲ್ಲಿ ನಮಗೆ ಅನ್ಯಾಯವಾಯಿತು ಎಂಬುದು ನನ್ನ ಲೆಕ್ಕ. ಅವರ ಲೆಕ್ಕ ಬೇರೆ ಇದ್ದೀತು, ಕೇಳಿದವರಾರು? ತರಕಾರಿ ಅಂಗಡಿಯಲ್ಲಿ ಅವರು ಬೆಂಡೆಕಾಯಿ ಆರಿಸುತ್ತಿದ್ದರೆ ನಾನು ಆ ದಿನ ಬೆಂಡೆಕಾಯಿಯನ್ನೇ ಬಿಟ್ಟು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಒಂದು ದಿನ ಒಂಬತ್ತನೇ ತರಗತಿಯಲ್ಲಿ ದಕ್ಷಿಣ ಅಮೆರಿಕದ ನಕ್ಷೆ ತೂಗುಹಾಕಿ ಪಾಠ ಮಾಡುತ್ತಿದ್ದೆ. ಚಿಲಿ ದೇಶವನ್ನು ತೋರಿಸಿ, “ನೋಡಿ, ರವಿಕೆ ಕಣದ ಅಂಚಿನ ಹಾಗೆ ಎಷ್ಟು ಸಪೂರವಾಗಿದೆ” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಅಲ್ಲೆಲ್ಲ ಹೆಂಗಸರು ಅಧ್ಯಕ್ಷರಾಗಿದ್ದಾರಾ?” ಎಂದು ಕೇಳಿದಳು. ಆಗಿದ್ದಾರೆಂದು ಹೇಳಿದೆನೇ ಹೊರತು ಹೆಚ್ಚು ವಿವರ ನನಗೂ ಗೊತ್ತಿರಲಿಲ್ಲ. ಹುಡುಕಿ ಓದಲು ಕುಳಿತೆ. ಸಿಕ್ಕವರು ಮಿಶೆಲ್ ಬ್ಯಾಚಲೆಟ್.

ಆಕೆ ಹುಟ್ಟಿದ್ದು 1951ರಲ್ಲಿ. ತಂದೆ ಅಲ್ಬರ್ಟೊ ವಾಯುಪಡೆಯಲ್ಲಿ ದೊಡ್ಡ ಅಧಿಕಾರಿ, ಅಧ್ಯಕ್ಷ ಅಯೆಂದೆ ಅವರ ಸರ್ಕಾರದಲ್ಲಿ ಆಹಾರ ಹಂಚಿಕೆಯ ಹೊಣೆ ಹೊತ್ತವರು. 1973ರ ಸೆಪ್ಟೆಂಬರ್ 11ರಂದು ಪಿನೋಚೆಟ್ ಸೈನ್ಯ ಅಧಿಕಾರ ಕಿತ್ತುಕೊಂಡಿತು. ತಂದೆಯನ್ನು ಬಂಧಿಸಿ ಹಿಂಸಿಸಿದವರು ಅವರದೇ ವಾಯುಪಡೆಯವರು. 1974ರ ಮಾರ್ಚ್‌ನಲ್ಲಿ ಅವರು ಸೆರೆಮನೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಜನವರಿಯಲ್ಲಿ, ವೈದ್ಯಕೀಯ ಓದುತ್ತಿದ್ದ ಮಗಳನ್ನೂ ತಾಯಿಯನ್ನೂ ಕಣ್ಣಿಗೆ ಬಟ್ಟೆ ಕಟ್ಟಿ ವಿಲ್ಲಾ ಗ್ರಿಮಾಲ್ಡಿ ಎಂಬ ಹಿಂಸೆಯ ತಾಣಕ್ಕೆ ಒಯ್ದರು. ಅಲ್ಲಿಂದ ಬಿಡುಗಡೆಯಾದ ಮೇಲೆ ಆಸ್ಟ್ರೇಲಿಯ, ಪೂರ್ವ ಜರ್ಮನಿ ಎಂದು ಪರದೇಶದ ಬಾಳು. 1979ರಲ್ಲಿ ಊರಿಗೆ ಮರಳಿ, ಓದು ಮುಗಿಸಿ ಆಕೆ ಮಕ್ಕಳ ವೈದ್ಯೆಯಾದರು. ಸರ್ಕಾರದ ದೌರ್ಜನ್ಯಕ್ಕೆ ಸಿಕ್ಕ ಮನೆಗಳ ಮಕ್ಕಳಿಗೆ ಔಷಧ ಕೊಡುತ್ತಿದ್ದರು.

ಪ್ರಜಾಪ್ರಭುತ್ವ ಮರಳಿದ ಮೇಲೆ ಇಂಥವರು ಏನು ಓದಿದರು ಗೊತ್ತೆ? ಸೈನಿಕ ತಂತ್ರಶಾಸ್ತ್ರ! ತಂದೆಯನ್ನು ನುಂಗಿದ ಸೈನ್ಯವನ್ನು ಬಿಟ್ಟು ಓಡುವ ಬದಲು ಅದನ್ನು ಅರಿಯಲು ಹೊರಟರು. 2000ದಲ್ಲಿ ಆರೋಗ್ಯ ಮಂತ್ರಿಯಾದಾಗ, ಆಸ್ಪತ್ರೆಗಳ ಮುಂದಿನ ಸರತಿ ಸಾಲನ್ನು ಮೂರು ತಿಂಗಳಲ್ಲಿ ಇಲ್ಲವಾಗಿಸಬೇಕೆಂದು ಅಧ್ಯಕ್ಷರು ಹೇಳಿದ್ದರು. ಬಹುಪಾಲು ಕರಗಿಸಿಯೂ, ಪೂರ್ತಿ ಆಗಲಿಲ್ಲವೆಂದು ಆಕೆ ರಾಜೀನಾಮೆ ನೀಡಲು ಮುಂದಾದರು, ಅಧ್ಯಕ್ಷರು ಒಪ್ಪಲಿಲ್ಲ. 2002ರಲ್ಲಿ ರಕ್ಷಣಾ ಮಂತ್ರಿಯಾದರು. ತಂದೆಯನ್ನು ಹಿಂಸಿಸಿದ ಅದೇ ಪಡೆಗಳು ಮಗಳಿಗೆ ಸೆಲ್ಯೂಟ್ ಹೊಡೆದವು.

2006ರಲ್ಲಿ ಚಿಲಿಯ ಮೊದಲ ಮಹಿಳಾ ಅಧ್ಯಕ್ಷೆಯಾದ ಆಕೆ ಮಂತ್ರಿಮಂಡಲದಲ್ಲಿ ಅರ್ಧಕ್ಕರ್ಧ ಹೆಂಗಸರನ್ನೇ ಕೂರಿಸಿದರು. ದುಡಿಯುವ ತಾಯಂದಿರಿಗಾಗಿ ಶಿಶುವಿಹಾರಗಳನ್ನು ಹೆಚ್ಚಿಸಿದರು, ಬಡ ಮುದುಕಿಯರಿಗೂ ಪಿಂಚಣಿ ಸಿಗುವಂತೆ 2008ರಲ್ಲಿ ಕಾನೂನು ತಂದರು. ಎಲ್ಲವೂ ಹೂವಿನ ಹಾಸಿಗೆಯೇನಲ್ಲ. ಮೊದಲ ವರ್ಷವೇ ಶಾಲಾಮಕ್ಕಳು ಒಳ್ಳೆಯ ಶಿಕ್ಷಣ ಬೇಕೆಂದು ಬೀದಿಗಿಳಿದರು. 2014ರಲ್ಲಿ ಮತ್ತೆ ಅಧ್ಯಕ್ಷೆಯಾದ ಮರುವರ್ಷ, ಸೊಸೆಯ ಕಂಪನಿಗೆ ಜಮೀನು ವ್ಯವಹಾರಕ್ಕೆ ಸಿಕ್ಕ ದೊಡ್ಡ ಸಾಲದ ಸುದ್ದಿ ಹೊರಬಿದ್ದು, ಸರ್ಕಾರದಲ್ಲಿದ್ದ ಮಗ ಹುದ್ದೆ ಬಿಡಬೇಕಾಯಿತು. ತಾಯಿಗಿದ್ದ ಜನಪ್ರಿಯತೆ ಕುಸಿಯಿತು. ಮಕ್ಕಳಿಂದ ತಗ್ಗುವ ತಲೆಯ ಭಾರ ಯಾವ ದೇಶದ ತಾಯಿಗೆ ಗೊತ್ತಿಲ್ಲ?

ನನ್ನನ್ನು ಬಹಳ ಕಾಡಿದ್ದು 2013ರ ಚುನಾವಣೆ. ಎದುರಾಳಿ ಎವೆಲಿನ್ ಮಥೈ. ಇಬ್ಬರ ತಂದೆಯರೂ ವಾಯುಪಡೆಯಲ್ಲಿ ಗೆಳೆಯರು. ಈ ಹುಡುಗಿಯರಿಬ್ಬರೂ ಚಿಕ್ಕಂದಿನಲ್ಲಿ ಕೂಡಿ ಆಡಿದವರು. ಮುಂದೆ ಒಬ್ಬಳ ತಂದೆ ಸೆರೆಮನೆಯಲ್ಲಿ ಸತ್ತರೆ, ಇನ್ನೊಬ್ಬಳ ತಂದೆ ಅದೇ ಸೈನಿಕ ಆಡಳಿತದಲ್ಲಿ ಎತ್ತರಕ್ಕೇರಿದರು. ಐವತ್ತು ವರ್ಷಗಳ ಮೇಲೆ ಆ ಹೆಣ್ಣುಮಕ್ಕಳು ಮತಪೆಟ್ಟಿಗೆಯ ಮುಂದೆ ಎದುರುಬದುರಾದರು. ಬ್ಯಾಚಲೆಟ್ ಗೆದ್ದರು.

ಎಲ್ಲವನ್ನೂ ಮರೆತುಬಿಡೋಣ ಎಂದು ಮಾತ್ರ ಆಕೆ ಹೇಳಲಿಲ್ಲ. ತೊಳೆದ ಗಾಯ ಮಾತ್ರ ಮಾಯುತ್ತದೆ ಎಂಬುದು ಆ ವೈದ್ಯೆಯ ಮಾತು. ಸತ್ತವರ, ಕಾಣೆಯಾದವರ ನೆನಪಿಗೆಂದು ಕಟ್ಟಿದ ಸಂಗ್ರಹಾಲಯವನ್ನು 2010ರಲ್ಲಿ ತಾವೇ ಉದ್ಘಾಟಿಸಿದರು. ತಂದೆಯನ್ನು ಹಿಂಸಿಸಿದ ಇಬ್ಬರು ನಿವೃತ್ತ ಕರ್ನಲ್‌ಗಳಿಗೆ 2014ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ನಲವತ್ತು ವರ್ಷ ಬೇಕಾಯಿತು.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರ ದುಃಖವೆಲ್ಲಿ, ನನ್ನ ಹಿತ್ತಿಲ ನಾಲ್ಕು ಅಡಿ ಜಾಗವೆಲ್ಲಿ! ಹೋಲಿಸುವುದೂ ತಪ್ಪು. ಆದರೂ ಒಂದು ಮಾತು ಚುಚ್ಚಿತು. ನಾನು ಗಾಯವನ್ನು ತೊಳೆದಿರಲಿಲ್ಲ, ಸೆರಗಿನಿಂದ ಮುಚ್ಚಿಕೊಂಡಿದ್ದೆ ಅಷ್ಟೆ. ಅನ್ಯಾಯವಾಯಿತೆಂದು ಅವರ ಮುಖ ನೋಡಿ ಒಮ್ಮೆಯೂ ಹೇಳಿರಲಿಲ್ಲ.

ಆ ಸಲದ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಅವರ ಬಾಗಿಲಿಗೆ ಹೋದೆ. ಕೈ ನಡುಗುತ್ತಿತ್ತು. “ಅಕ್ಕಾ, ಬಾಗಿನ ತಗೊಳ್ಳಿ. ಹಿತ್ತಿಲ ವಿಷಯ ಮಾತ್ರ ಒಂದಿನ ಕೂತು ಮಾತಾಡಬೇಕು” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಬಾ, ನಿಮ್ಮ ಭಾವನೂ ಮನೇಲಿರ್ತಾರೆ” ಎಂದರು.

ಜಾಗದ ತಕರಾರು ಇನ್ನೂ ತೀರಿಲ್ಲ. ಮಾತು ನಡೆಯುತ್ತಿದೆ. ಬೆಂಡೆಕಾಯಿಯನ್ನು ಮಾತ್ರ ಈಗ ಇಬ್ಬರೂ ಒಂದೇ ಬುಟ್ಟಿಯಿಂದ ಆರಿಸುತ್ತೇವೆ.