ಹೌದು, ನನ್ನ ಓಟು ಇನ್ನೂ ತೇಲ್ತಾನೇ ಐತಿ



ಇವತ್ತು 2024ರ ಮೇ 5, ಭಾನುವಾರ. ಸಂಜೆ ಬಹಿರಂಗ ಪ್ರಚಾರ ಮುಗೀತು. ಬಳ್ಳಾರಿಯೊಳಗ ಮೈಕ್ ಬಂದಾಗಿ ಕಿವಿಗೆ ಸ್ವಲ್ಪ ತಂಪಾಗೈತಿ, ಬಿಸಿಲಿಗೆ ಮಾತ್ರ ಯಾವ ನೀತಿ ಸಂಹಿತೆನೂ ಇಲ್ಲ. ನಾಡಿದ್ದು ಮಂಗಳವಾರ ಮತದಾನ. ಒಂದು ವಾರದಿಂದ ನಮ್ಮ ಗುಂಪಿನ ತಮ್ಮಂದಿರು ನನ್ನ ಬೆನ್ನು ಹತ್ಯಾರ: "ಅಕ್ಕಾ, ನೀವೇ ಇನ್ನೂ ತೀರ್ಮಾನ ಮಾಡಿಲ್ಲ ಅಂದ್ರ ಜನಕ್ಕ ಏನು ಹೇಳೂದು?" ಒಬ್ಬನಂತೂ ನನ್ನನ್ನ ಗೋಡೆ ಮೇಲಿನ ದೀಪ ಅಂದ. ಬೇಜಾರಿಲ್ಲ ತಮ್ಮಾ. ಆದ್ರ ಉತ್ತರ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನನ್ನ ತವರು ಕುರುಗೋಡು ಕಡೆ. ಗಂಡನ ಮನಿ ಸಿರುಗುಪ್ಪ ತಾಲ್ಲೂಕು. ಹೊಟ್ಟಿಪಾಡು ಬಳ್ಳಾರಿ, ಒಂದು ಖಾಸಗಿ ಆಫೀಸಿನಾಗ ಗುಮಾಸ್ತೆ. ಮೂರೂ ಊರು ಒಂದೇ ಜಿಲ್ಲೆ. ಆದ್ರ ನಮ್ಮತ್ತಿ ಸಿರುಗುಪ್ಪದಾಗ ಹಾಕೋ ಓಟು ಕೊಪ್ಪಳದ ಎಂಪಿಗೆ, ನಾನು ಇಲ್ಲಿ ಹಾಕೋದು ಬಳ್ಳಾರಿ ಎಂಪಿಗೆ. ನಮ್ಮತ್ತಿ ಕೇಳ್ತಾಳ, "ನಮ್ಮ ಜಿಲ್ಲಾ ಬಳ್ಳಾರಿ, ನಮ್ಮ ಸಾಹೇಬ್ರು ಕೊಪ್ಪಳದವ್ರು ಹೆಂಗವ್ವ?" ಕ್ಷೇತ್ರ ವಿಂಗಡಣೆ ಅಂತ ಹೇಳಿದ್ರ ಆಕಿಗೆ ತಿಳಿಯೂದಿಲ್ಲ. ಖರೇ ಹೇಳಬೇಕಂದ್ರ ನನಗೂ ಪೂರಾ ತಿಳಿದಿಲ್ಲ.

ಇನ್ನೊಂದು ಲೆಕ್ಕ ನೋಡ್ರಿ. ಬಳ್ಳಾರಿ ಜಿಲ್ಲೆಯೊಳಗ ಈಗ ಐದು ವಿಧಾನಸಭಾ ಕ್ಷೇತ್ರ. ಸಿರುಗುಪ್ಪ, ಕಂಪ್ಲಿ, ಸಂಡೂರು, ಬಳ್ಳಾರಿ ಗ್ರಾಮೀಣ ನಾಲ್ಕೂ ಎಸ್‌ಟಿ ಮೀಸಲು. ಬಳ್ಳಾರಿ ನಗರ ಸಾಮಾನ್ಯ. ಲೋಕಸಭೆನೂ 2009ರ ಚುನಾವಣೆಯಿಂದ ಎಸ್‌ಟಿ. ಎಸ್‌ಸಿ ಮೀಸಲಿದ್ದ ಹಡಗಲಿ, ಹಗರಿಬೊಮ್ಮನಹಳ್ಳಿ 2021ರಾಗ ವಿಜಯನಗರ ಜಿಲ್ಲೆ ಆದಾಗ ಆ ಕಡೆ ಹೋದವು. ವಾಲ್ಮೀಕಿ ಬಂಧುಗಳಿಗೆ ಸಿಕ್ಕಿದ್ದು ಅವರ ಹಕ್ಕು, ಅದಕ್ಕ ನನಗ ಹೊಟ್ಟಿಕಿಚ್ಚಿಲ್ಲ. ಆದ್ರ ಈ ಜಿಲ್ಲೆಯ ಹೊಲೆಯರು, ಮಾದಿಗರು ಯಾವಾಗಲೂ ಓಟು ಹಾಕೋರೇ. ಓಟು ಕೇಳಾಕ ಬಂದವರಾಗ ನಮ್ಮ ಕೇರಿಯವರನ್ನ ನಾನಂತೂ ನೋಡಿಲ್ಲ. ನಮಗಂತ ಒಂದು ದೋಣಿ ಇದ್ದಿದ್ರ ನಾನ್ಯಾಕ ತೇಲ್ತಿದ್ದೆ?

ನನ್ನ ಮೊದಲ ಓಟು 1999ರ ಸೆಪ್ಟೆಂಬರ್. ನನಗ ಹತ್ತೊಂಬತ್ತು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಗೆ ಬಂದು ನಿಂತಿದ್ರು, ಇಡೀ ದೇಶ ನಮ್ಮ ಕಡೆ ನೋಡ್ತಿತ್ತು. ಸುಷ್ಮಾ ಅವರು ಬಂದ ಕೆಲವೇ ದಿನದಾಗ ಕನ್ನಡದಾಗ ಭಾಷಣ ಮಾಡಾಕ ಶುರು ಮಾಡಿದ್ರು. ನನಗ ಅದು ಬಾಳ ಹಿಡಿಸ್ತು. ನಮ್ಮವ್ವ ಒಂದೇ ಮಾತಿನಾಗ ಮುಗಿಸಿದ್ಲು: "ಆಕಿ ಇಂದಿರಮ್ಮನ ಸೊಸಿ. ಕೈ ಬಿಟ್ಟು ಬ್ಯಾರೆ ಒತ್ತಿದ್ರ ಮನಿಗೆ ಬರಬ್ಯಾಡ." ಒತ್ತಿದೆ. ಸೋನಿಯಾ 56 ಸಾವಿರದಷ್ಟು ಓಟಿನಿಂದ ಗೆದ್ರು. ಆಮೇಲೆ ಅಮೇಠಿ ಇಟ್ಕೊಂಡು ಬಳ್ಳಾರಿ ಬಿಟ್ರು. ಸೋತ ಸುಷ್ಮಾ ಅವರು ವರ್ಷಾವರ್ಷಾ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ಬರ್ತಿದ್ರು. ಗೆದ್ದವರು ಬಿಟ್ಟು ಹೋದ್ರು, ಸೋತವರು ಪೂಜೆಗೆ ಬಂದ್ರು. ನಮ್ಮ ಕೇರಿಯ ಚರಂಡಿ ಹಂಗೇ ಇತ್ತು.

ಆದ್ರ ಆ ದಿನದ ಒಂದು ಸಂಗತಿ ಮರೆತಿಲ್ಲ. ಬೂತಿನ ಸಾಲಿನಾಗ ನಮ್ಮವ್ವನ ಹಿಂದೆ ಊರಿನ ದೊಡ್ಡಮನಿ ಅಮ್ಮಾರು ನಿಂತಿದ್ರು. ಅವರ ಹೊಲದಾಗ ಅವ್ವ ಇಪ್ಪತ್ತು ವರ್ಷ ಕಳೆ ತೆಗೆದಾಕಿ. ಅವರ ಮನಿ ಕಟ್ಟಿ ಹತ್ತಿದಾಕಿ ಅಲ್ಲ. ಅವ್ವ ರೂಢಿ ಮ್ಯಾಲ ಪಕ್ಕಕ್ಕ ಸರದು ದಾರಿ ಬಿಡಾಕ ಹೋದ್ಲು. ಪೊಲೀಸಪ್ಪ "ಏಯ್, ಸಾಲು ಕೆಡಿಸಬ್ಯಾಡಮ್ಮ, ಅಲ್ಲೇ ನಿಂದ್ರು" ಅಂತ ಬೈದ. ಅವ್ವ ಅಲ್ಲೇ ನಿಂತ್ಲು. ಬಾಬಾಸಾಹೇಬರು ಒಬ್ಬರಿಗೆ ಒಂದೇ ಓಟು, ಒಂದೇ ಬೆಲೆ ಅಂದದ್ದನ್ನ ನಾನು ಆಮೇಲೆ ಬಿಎ ಓದುವಾಗ ಪುಸ್ತಕದಾಗ ಓದಿದೆ. ಅವತ್ತು ಮೊದಲು ಕಣ್ಣಿಂದ ನೋಡಿದ್ದೆ.

ಆಮೇಲೆ ನನ್ನ ಓಟು ಎಲ್ಲೆಲ್ಲೋ ತಿರುಗಿತು. ಉತ್ತರ ಪ್ರದೇಶದಾಗ 2007ರಲ್ಲಿ ಮಾಯಾವತಿ ಅವರು ಸ್ವಂತ ಬಲದ ಮ್ಯಾಲ ಸರಕಾರ ಮಾಡಿದಾಗ ನಮ್ಮ ಮನಿಯಾಗ ಸಿಹಿ ಮಾಡಿದ್ವಿ. ಮುಂದೆ ಒಂದು ಸಲ ಆನೆಗೆ ಒತ್ತಿದೆ, ಠೇವಣಿ ಉಳಿಯೂದಿಲ್ಲ ಅಂತ ಗೊತ್ತಿದ್ರೂ. ಒಂದು ಸಲ ಕಮಲ. ಎರಡು ಸಲ ಮತ್ತೆ ಕೈ. ಒಂದು ಸಲ ಹೋಗಲೇ ಇಲ್ಲ.

ಆ ನಡುವಿನ ಒಂದು ಓಟಿನ ಬಗ್ಗೆ ಇವತ್ತು ಹೇಳಬೇಕು. ಗಣಿ ದುಡ್ಡು ಬಳ್ಳಾರಿ ರಸ್ತೆಯ ಕೆಂಪು ಧೂಳಿನಂಗ ಹಾರಾಡ್ತಿದ್ದ ಕಾಲ. ಆಗ ನಾವು ಸಿರುಗುಪ್ಪ ಕಡೆ ಇದ್ವಿ. ನಮ್ಮ ಯಜಮಾನರು ರೈಸ್ ಮಿಲ್ಲಿನಾಗ ಹಮಾಲಿ, ಸೀಜನ್ ಮುಗಿದು ಕೆಲಸ ಇರಲಿಲ್ಲ. ಮಗಳು ಸಣ್ಣಾಕಿ, ಒಂದು ವಾರದಿಂದ ಜ್ವರ ಇಳಿದಿರಲಿಲ್ಲ. ರಾತ್ರಿ ಹತ್ತಕ್ಕ ಇಬ್ಬರು ಬಂದು "ಎಷ್ಟು ಓಟು?" ಅಂದ್ರು. ಎರಡು ಅಂದೆ. ಐನೂರರ ಎರಡು ನೋಟು ಕೊಟ್ಟು ಪಟ್ಟಿಯೊಳಗ ಟಿಕ್ ಹಾಕ್ಕೊಂಡು ಹೋದ್ರು. ಹದಿನೈದು ದಿನ ಮೊದಲು ಅಂಬೇಡ್ಕರ್ ಜಯಂತಿ ವೇದಿಕೆ ಮ್ಯಾಲ ನಿಂತು ಇದೇ ಬಾಯಿಂದ "ಓಟು ಮಾರಬ್ಯಾಡ್ರಿ" ಅಂತ ಭಾಷಣ ಮಾಡಿದ್ದೆ.

ದುಡ್ಡು ತಗೊಂಡು ಬ್ಯಾರೆಯವರಿಗೆ ಹಾಕಿದ್ರಾತು ಅಂತೀರಿ. ಬಾಳ ಮಂದಿ ಹಂಗೇ ಹೇಳ್ತಾರ. ನನ್ನ ಕೈಲಿ ಆಗಲಿಲ್ಲ. ಉಂಡ ಮನಿಗೆ ಎರಡು ಬಗೀಬಾರದು ಅಂತ ಬೆಳೆಸಿದ್ದಾರಲ್ಲ, ಬೂತಿನೊಳಗ ಕೈ ನಡುಗಿ ಅವರ ಗುರುತಿಗೇ ಒತ್ತಿ ಬಂದೆ. ಆ ಪಕ್ಷ ಯಾವುದು ಅಂತ ಹೇಳೂದಿಲ್ಲ. ಹೆಸರು ಹೇಳಿದ್ರ ನೀವೆಲ್ಲ ಅವರನ್ನ ಬೈಕೊಂತ ಕುಂದ್ರತೀರಿ, ನನ್ನ ತಪ್ಪು ಮರೆತು ಹೋಗತೈತಿ. ನನ್ನ ಓಟು ಆ ಒಂದು ಸಲ ತೇಲಲಿಲ್ಲ, ಮುಳುಗಿತು.

ಇದನ್ನ ಇವತ್ತು ಯಾಕ ಬರದೆ ಅಂದ್ರ, ಆ ಜ್ವರದ ಮಗಳಿಗೆ ಈಗ ಹತ್ತೊಂಬತ್ತು. ನಾಡಿದ್ದು ಆಕಿಯ ಮೊದಲ ಓಟು. ಮೊನ್ನೆ ರಾತ್ರಿ ಕೇಳಿದ್ಲು: "ಅವ್ವ, ನೀ ಯಾವತ್ತಾದ್ರೂ ರೊಕ್ಕ ತಗೊಂಡೀಯೇನು?" ನಾನು "ಛೇ, ಇಲ್ಲವ್ವ" ಅಂದುಬಿಟ್ಟೆ. ಮಗಳೇ, ತಗೊಂಡೀನಿ. ನಿನ್ನ ಔಷಧಕ್ಕ ಖರ್ಚಾತು. ಅದು ನೆವ ಅಲ್ಲ, ನಡೆದದ್ದು ಹೇಳಿದೆ ಅಷ್ಟೇ.

ಈಗ ನಾಯಕರ ವಿಷಯಕ್ಕ ಬರ್ತೀನಿ. ಎಲ್ಲರ ಬಗ್ಗೆನೂ ಒಂದೇ ತಕ್ಕಡಿ ಹಿಡಿಯಾಕ ನೋಡ್ತೀನಿ.

ಮೋದಿ ಅವರು ಏಪ್ರಿಲ್ 28ಕ್ಕ ಹೊಸಪೇಟೆಗೆ ಬಂದಿದ್ರು. ಮಾತಿನಾಗ ಅವರನ್ನ ಹಿಡಿಯೋರಿಲ್ಲ, ಅದನ್ನ ಒಪ್ಕೋಬೇಕು. ನವೆಂಬರ್ 26ನ್ನ ಸಂವಿಧಾನ ದಿನ ಅಂತ 2015ರಿಂದ ಆಚರಿಸಾಕ ಶುರು ಮಾಡಿದ್ದು ಅವರ ಸರಕಾರ. 2019ರಾಗ ಸಂವಿಧಾನಕ್ಕ ತಲೆಬಾಗಿ ನಮಸ್ಕಾರ ಮಾಡಿದ್ದೂ ನೋಡೀನಿ. ಕಳೆದ ನವೆಂಬರಿನಾಗ ಸಿಕಂದರಾಬಾದಿನ ಮಾದಿಗರ ಸಭೆಯೊಳಗ ಒಳಮೀಸಲಾತಿ ಬಗ್ಗೆ ಮಾತು ಕೊಟ್ಟಾಗ, ಮಾದಿಗರ ಮಗಳಾದ ನನ್ನ ಕಣ್ಣಾಗೂ ನೀರು ಬಂತು. ಆದ್ರ ಅವರದೇ ಪಕ್ಷದ ಎಂಪಿ ಅನಂತಕುಮಾರ ಹೆಗಡೆ ಸಂವಿಧಾನ ತಿದ್ದಾಕ 400 ಸೀಟು ಬೇಕು ಅಂದ್ರು. ಅವರಿಗೆ ಟಿಕೆಟ್ ತಪ್ಪಿತು, ನನ್ನ ಅಂಜಿಕೆ ತಪ್ಪಲಿಲ್ಲ. ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ 2018ರ ಮಾರ್ಚಿನಾಗ ಕೋರ್ಟಿನಿಂದ ಸಡಿಲಾದಾಗ, ಏಪ್ರಿಲ್ 2ರ ಬಂದ್ ಆದಮೇಲೆ, ಆಗಸ್ಟಿನಾಗ ಸರಿ ಮಾಡಿದ್ರು. ಬೀದಿಗೆ ಬರದಿದ್ರ ಮಾಡ್ತಿದ್ರಾ?

ರಾಹುಲ್ ಗಾಂಧಿ ಅವರನ್ನ 2022ರ ಅಕ್ಟೋಬರ್ 15ಕ್ಕ ಭಾರತ್ ಜೋಡೋ ಸಭೆಯೊಳಗ ದೂರದಿಂದ ನೋಡಿದೆ. ನಡೆದು ಬಂದ ಮನುಷ್ಯ, ಕಾಲಿಗೆ ಧೂಳು ಹತ್ತಿತ್ತು. ಜಾತಿ ಗಣತಿ ಮಾಡ್ರಿ ಅಂತ ಈಗ ಗಟ್ಟಿಯಾಗಿ ಕೇಳ್ತಾರ, ಅದು ನಮ್ಮ ಹಳೇ ಬೇಡಿಕೆ. ಆದ್ರ ಕಳೆದ ವರ್ಷ ಇದೇ ಬಳ್ಳಾರಿಯೊಳಗ 5 ಸಾವಿರ ಕೋಟಿಯ ಜೀನ್ಸ್ ಪಾರ್ಕ್ ಅಂದ್ರು. ನಮ್ಮ ಓಣಿಯ ಹೆಣ್ಣುಮಕ್ಕಳು ಇನ್ನೂ ಮನಿಯಾಗ ಕುಂತು ಪ್ಯಾಂಟಿನ ದಾರ ಕತ್ತರಿಸಿ ಪೀಸಿನ ಲೆಕ್ಕದಾಗ ಪುಡಿಗಾಸು ತಗೋತಾರ. ಮೊನ್ನೆ ತೆಲಂಗಾಣ ಪೊಲೀಸರು ರೋಹಿತ್ ವೇಮುಲ ದಲಿತನೇ ಅಲ್ಲ ಅಂತ ಕೋರ್ಟಿಗೆ ವರದಿ ಕೊಟ್ರು. ಅಲ್ಲಿ ಸರಕಾರ ಯಾರದು? ಗದ್ದಲ ಆದಮೇಲೆ ಮತ್ತೆ ತನಿಖೆ ಅಂದ್ರು. ಇಲ್ಲೂ ಅದೇ ಪ್ರಶ್ನೆ, ಗದ್ದಲ ಆಗದಿದ್ರ?

ಖರ್ಗೆಯವರ ಬಗ್ಗೆ ಬರೆಯುವಾಗ ನನ್ನ ತಕ್ಕಡಿ ಸ್ವಲ್ಪ ವಾಲ್ತೈತಿ, ಕ್ಷಮಿಸ್ರಿ. ಜಗಜೀವನ್ ರಾಮ್ ಅವರ ನಂತರ ಕಾಂಗ್ರೆಸ್ ಅಧ್ಯಕ್ಷರಾದ ದಲಿತರು ಅವರು. ಆ ಚುನಾವಣೆಗೆ ರಾಹುಲ್ ಗಾಂಧಿ ಓಟು ಹಾಕಿದ್ದು ಬಳ್ಳಾರಿ ಪಕ್ಕದ ಸಂಗನಕಲ್ಲಿನ ಯಾತ್ರೆ ಕ್ಯಾಂಪಿನಾಗ. ಅವರು ಹಟ ಹಿಡಿದು ತಂದ 371ಜೆ ಬಳ್ಳಾರಿಗೂ ಐತಿ, ನಮ್ಮಣ್ಣನ ಮಗಳಿಗೆ ಕೆಲಸ ಸಿಕ್ಕಿದ್ದು ಅದರಿಂದ. ಇಷ್ಟು ದೊಡ್ಡ ಮನುಷ್ಯ ಕರ್ನಾಟಕದ ಮುಖ್ಯಮಂತ್ರಿ ಮಾತ್ರ ಆಗಲಿಲ್ಲ. ಅವರೊಬ್ಬರೇ ಅಲ್ಲ, ಇವತ್ತಿನವರೆಗೂ ಒಬ್ಬ ದಲಿತರೂ ಆಗಿಲ್ಲ. ಎಲ್ಲ ಪಕ್ಷದವರೂ ಇದಕ್ಕ ಉತ್ತರ ಕೊಡಬೇಕು.

ಸಿದ್ದರಾಮಯ್ಯನವರು 2010ರಾಗ ಗಣಿ ಲೂಟಿ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ನಡೆದು ಬಂದ್ರು. ಆಗ ಈ ಊರಾಗ ಜೋರಾಗಿ ಉಸಿರಾಡಾಕೂ ಅಂಜಿಕಿ ಇತ್ತು, ಆ ಧೈರ್ಯ ಸಣ್ಣದಲ್ಲ. 2013ರಾಗ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ತಂದದ್ದೂ ಅವರೇ. ಈಗ ಅದೇ ಹಣದಾಗ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗೆ ತೆಗೆದ್ರು. ನಾನು ದಿನಾ ಶಕ್ತಿ ಯೋಜನೆ ಬಸ್ಸಿನಾಗ ಓಡಾಡ್ತೀನಿ, ನಮ್ಮತ್ತಿಗೆ ಗೃಹಲಕ್ಷ್ಮಿಯ 2,000 ಬರ್ತೈತಿ. ಆ ದುಡ್ಡು ಬಂದಾಗಿನಿಂದ ಆಕಿ ಮಗನ ಮುಂದೆ ಕೈ ಚಾಚಿಲ್ಲ. ಅದನ್ನ ಬಿಟ್ಟಿ ಅನ್ನೋರ ಜೊತಿ ನಾನು ಜಗಳಾನೇ ಆಡ್ತೀನಿ. ಆದ್ರ ಎಲ್ಲ ಜಾತಿಯವರಿಗೂ ಕೊಡೋದನ್ನ ನಮ್ಮ ಪಾಲಿನಿಂದ ಯಾಕ ತೆಗೀಬೇಕು? ಹಾಸ್ಟೆಲ್ ಕಟ್ಟಡ, ಭೂಮಿ, ಬೋರ್‌ವೆಲ್ ಯಾರ ಪಾಲಿನಿಂದ ಬರಬೇಕು?

ಇನ್ನ ನಮ್ಮ ಅಭ್ಯರ್ಥಿಗಳು. ಶ್ರೀರಾಮುಲು ಅವರು ಕೇರಿಗೆ ಬಂದ್ರ ಹೆಸರು ಹಿಡಿದು ಮಾತಾಡಿಸ್ತಾರ, ಆ ಗುಣಕ್ಕ ನಮ್ಮ ಮಂದಿ ಸೋಲ್ತಾರ. ಎಸ್‌ಸಿ ಮೀಸಲಾತಿ 15ರಿಂದ 17, ಎಸ್‌ಟಿ 3ರಿಂದ 7 ಆದದ್ದು ಅವರಿದ್ದ ಸರಕಾರದಾಗ. ಆದ್ರ ಅವರ ಗೆಳೆಯ ಜನಾರ್ದನ ರೆಡ್ಡಿ ಅವರು ಮಾರ್ಚಿನಾಗ ಮತ್ತೆ ಬಿಜೆಪಿಗೆ ಬಂದ್ರು, ಜಾಮೀನಿನ ಷರತ್ತಿನಿಂದ ಬಳ್ಳಾರಿಗೆ ಕಾಲಿಡಂಗಿಲ್ಲ. ಆ ಕೆಂಪು ಧೂಳಿನ ದಿನ ನಾನು ಮರೆಯಂಗಿಲ್ಲ. ತುಕಾರಾಂ ಅವರು ಸಂಡೂರಿನಿಂದ ನಾಲ್ಕು ಸಲ ಗೆದ್ದವರು, ಮೆತ್ತಗಿನ ಮನುಷ್ಯ. ಆದ್ರ ಸಂಡೂರು ಅಂದ್ರ ಗಣಿ. ಅಲ್ಲಿ ಲಾರಿ ಧೂಳು ಕುಡಿಯೋ ಮಂದಿ ಬಗ್ಗೆ ಅವರು ದಿಲ್ಲಿಯೊಳಗ ಎಷ್ಟು ಗಟ್ಟಿ ಮಾತಾಡ್ತಾರ ಅನ್ನೋದು ನನ್ನ ಅನುಮಾನ.

ತಮ್ಮಂದಿರು ಹೇಳ್ತಾರ, "ಅಕ್ಕಾ, ಸಂವಿಧಾನ ಉಳಿಸೋ ಚುನಾವಣೆ ಇದು, ತೇಲಾಡೋ ಟೈಮ್ ಅಲ್ಲ." ನಿಮ್ಮ ಅಂಜಿಕಿ ನನಗೂ ಐತಿ. ಆದ್ರ ಒಂದು ಮಾತು ಕೇಳ್ರಿ. ನಮ್ಮ ಓಟು ಎಲ್ಲಿಗೂ ಹೋಗೂದಿಲ್ಲ ಅಂತ ಗೊತ್ತಾದ ದಿನ ಒಬ್ಬರು ನಮ್ಮ ಕೇರಿಗೆ ಬರೂದು ಬಿಡ್ತಾರ. ನಮ್ಮ ಓಟು ಬರೂದೇ ಇಲ್ಲ ಅಂತ ಗೊತ್ತಾದ ದಿನ ಇನ್ನೊಬ್ಬರೂ ಬಿಡ್ತಾರ. ಸದಾಶಿವ ಆಯೋಗ ಆದದ್ದು 2005, ವರದಿ ಬಂದದ್ದು 2012. 2023ರಾಗ ಬೊಮ್ಮಾಯಿ ಸರಕಾರ ಶಿಫಾರಸು ಮಾಡ್ತು, ಈ ಜನವರಿಯೊಳಗ ಸಿದ್ದರಾಮಯ್ಯ ಸರಕಾರ ಮಾಡ್ತು. ಎರಡೂ ಸಲ ಕಾಗದ ದಿಲ್ಲಿ ಕಡೆಗೆ ಮುಖ ಮಾಡ್ತು, ಒಳಮೀಸಲಾತಿ ಮಾತ್ರ ನಮ್ಮ ಕೈಗೆ ಬಂದಿಲ್ಲ. ಹತ್ತೊಂಬತ್ತು ವರ್ಷ. ನನ್ನ ಮಗಳ ವಯಸ್ಸು.

ಹಂಗಂತ ನಾನು ಮನಿಯಾಗ ಕುಂದ್ರೂದಿಲ್ಲ, ನೋಟಾನೂ ಒತ್ತೂದಿಲ್ಲ. ನಾಳೆ ರಾತ್ರಿಯೊಳಗ ತೀರ್ಮಾನ ಮಾಡ್ತೀನಿ. ಮಂಗಳವಾರ ಬೆಳಿಗ್ಗೆ ಏಳಕ್ಕ ಮಗಳೂ ನಾನೂ ಇಲ್ಲಿ ಓಟು ಹಾಕಿ, ಎಂಟರ ಬಸ್ಸಿಗೆ ಸಿರುಗುಪ್ಪಕ್ಕ ಹೋಗ್ತೀವಿ. ಅತ್ತಿಗೆ ಮೊಣಕಾಲು ನೋವು, ಬೂತಿಗೆ ಕರಕೊಂಡು ಹೋಗಾಕ ಯಾರೂ ಇಲ್ಲ. ಪಕ್ಷದವರ ಆಟೋ ಬರ್ತೈತಂತ. ಬ್ಯಾಡ ಅಂದೀನಿ. ನಾವಿಬ್ಬರೂ ಕೈ ಹಿಡ್ಕೊಂಡು ನಡಿಸ್ಕೊಂಡು ಹೋಗ್ತೀವಿ.

ಯಾರಿಗೆ ಹಾಕಲಿ ಅಂತ ಮಗಳು ಕೇಳಿದ್ಲು. ನಮ್ಮವ್ವನಂಗ ಹೇಳಾಕ ಬಾಯಿತನಕ ಬಂದಿತ್ತು, ನುಂಗಿಕೊಂಡೆ. ಸಾಲಿನಾಗ ನಿಂತಾಗ ಯಾರಿಗೂ ದಾರಿ ಬಿಡಬ್ಯಾಡ, ಅಷ್ಟೇ ಹೇಳೀನಿ.

ಜೈಭೀಮ್.