ಕೂಸಿನ ತಾಟು

ಒಂದು ತುಂಬಿ ಮೂರು ತುಂಬದ ಕೂಸಿಗೆ ಏನು ಉಣಿಸಬೇಕೆಂದು ಪೇಟೆಯ ದವಾಖಾನೆಗಳ ಗೋಡೆಗೆ ಚಿತ್ರ ಹಚ್ಚಿರುತ್ತಾರೆ. ಸೇಬು, ಗಜ್ಜರಿ, ಹಾಲಿನ ಗ್ಲಾಸು, ನಗುವ ತಾಯಿ. ಆ ತಾಯಿಯ ಸೀರೆಗೆ ಕಬ್ಬಿನ ರವದಿ ಅಂಟಿರುವುದಿಲ್ಲ. ಮುಂಜಾನೆ ಆರಕ್ಕೆ ಟ್ರ್ಯಾಕ್ಟರಿನ ಹಾರ್ನು ಕೇಳಿ ಓಡಬೇಕಾದ ಅವಸರ ಆಕೆಗಿಲ್ಲ. ನಾನು ಬರೆಯುತ್ತಿರುವುದು ಆ ತಾಯಿಯ ಬಗ್ಗೆ ಅಲ್ಲ.

ನಾನು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರ. ಹುಟ್ಟಿದ್ದು ಗೋಕಾಕ ಸೀಮೆಯ ಒಂದು ಕೇರಿಯಲ್ಲಿ. ತಂಗಿಯನ್ನು ಕೊಟ್ಟದ್ದು ಮೂಡಲಗಿ ಕಡೆ. ಮೂರೂ ಕಡೆ ಕಬ್ಬು ಐತಿ. ಮೂರೂ ಕಡೆ ಕೇರಿಯ ಕೂಸಿನ ಬಾಯಲ್ಲಿ ಒಂದೇ ಊಟ: ಚಹಾದಲ್ಲಿ ಅದ್ದಿದ ಬಿಸ್ಕೀಟು.

‘ಇವರಿಗೆ ತಿಳುವಳಿಕಿ ಇಲ್ಲರಿ, ಅದಕ್ಕ ಹಿಂಗ’ ಎಂದು ತರಬೇತಿಗೆ ಬಂದ ಸಾಹೇಬರೊಬ್ಬರು ನನ್ನೆದುರೇ ಹೇಳಿದರು. ಸುಳ್ಳು. ತಂಗಿಗೆ ಎಲ್ಲ ತಿಳಿದಿದೆ. ಆಕೆ ಕಳೆ ತೆಗೆಯಲು ಹೋದರೆ ಒಂದೂವರೆ ವರ್ಷದ ಹೆಣ್ಣುಕೂಸನ್ನು ನೋಡಿಕೊಳ್ಳುವವಳು ಏಳು ವರ್ಷದ ಅದರ ಅಕ್ಕ. ಏಳು ವರ್ಷದ ಹುಡುಗಿ ಒಲೆ ಹೊತ್ತಿಸಿ ನುಚ್ಚು ಕುದಿಸಲಾರಳು. ಐದು ರೂಪಾಯಿಯ ಪುಡಿಕೆಯನ್ನು ಹಲ್ಲಿನಿಂದ ಹರಿಯಬಲ್ಲಳು. ಬಿಸ್ಕೀಟು ಗೆದ್ದದ್ದು ಇಷ್ಟಕ್ಕೇ. ಕಳೆಯ ಹಂಗಾಮು ಬಂತೆಂದರೆ ನನ್ನ ಹಾಜರಿ ಪುಸ್ತಕದಲ್ಲೂ ಇಂಥ ಅಕ್ಕಂದಿರ ಹೆಸರಿನ ಮುಂದೆ ಗೈರುಹಾಜರಿ ಸಾಲಾಗಿ ಬೀಳುತ್ತದೆ.

ಆ ಕೂಸನ್ನು ತಕ್ಕಡಿಗೆ ಹಾಕಿದಾಗ ಬಂದದ್ದು 7 ಕಿಲೋ 800 ಗ್ರಾಂ. ಆ ವಯಸ್ಸಿನ ಹೆಣ್ಣುಕೂಸು ಸುಮಾರು 10 ಕಿಲೋ ಇರಬೇಕು. ಕಾರ್ಡಿನ ಚುಕ್ಕೆ ಹಳದಿ ಪಟ್ಟಿಗೆ ಬಿತ್ತು. ಇದು ನಮ್ಮ ಮನೆಯೊಂದರ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. 65 ಮಕ್ಕಳಿಗೆ ರಕ್ತ ಕಡಿಮೆ. ಈ ಲೆಕ್ಕದಲ್ಲಿ ಕೇರಿಯದೆಷ್ಟು, ವಾಡೆಯದೆಷ್ಟು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವ್ವನ ಕಾಲದಲ್ಲಿ ಹಸಿವು ಇರಲಿಲ್ಲವೇ? ಇತ್ತು. ಆದರೆ ಕೂಲಿ ಕಾಳಿನ ರೂಪದಲ್ಲಿ ಬರುತ್ತಿತ್ತು. ಜೋಳ ಕೊಯ್ದ ಹೊಲದಲ್ಲಿ ಹಕ್ಕಲ ಆಯುತ್ತಿದ್ದಳು. ತೊಗರಿ, ಹೆಸರು, ಅಲಸಂದಿ ಉಡಿಗೆ ಬೀಳುತ್ತಿದ್ದವು. ಬದುವಿನಲ್ಲಿ ಹಕ್ಕರಕಿ, ರಾಜಗಿರಿ ತಾನಾಗಿ ಬೆಳೆದಿರುತ್ತಿತ್ತು. 1970ರ ದಶಕದಲ್ಲಿ ಹಿಡಕಲ್ ಅಣೆಕಟ್ಟು ಮುಗಿದು ಘಟಪ್ರಭೆಯ ನೀರು ಕಾಲುವೆಗೆ ಹರಿಯಿತು. ನೀರು ಬಂದದ್ದು ಒಳ್ಳೆಯದೇ. ಅದರ ಹಿಂದೆ ಕಬ್ಬು ಬಂತು. ಕಬ್ಬಿನ ಹೊಲದಾಗ ಹಕ್ಕಲ ಏನ ಆಯ್ತೀರಿ? ಕಳೆಗೆ ಔಷಧ ಹೊಡೆದ ಬದುವಿನಲ್ಲಿ ಯಾವ ಪಲ್ಯ ಹುಟ್ಟತೈತಿ? ಕೈಗೆ ರೊಕ್ಕ ಬಂತು, ಉಡಿ ಖಾಲಿಯಾಯಿತು. ರೊಕ್ಕ ಅಂಗಡಿಗೆ ಹೋಯಿತು. ಅಂಗಡಿಯಲ್ಲಿ ಕೂಸಿಗೆ ಇದ್ದದ್ದು ಆ ಪುಡಿಕೆ.

ಇನ್ನೊಂದು ಮಾತು. ಅವ್ವ ಕಲೀಜದ ತುಣುಕನ್ನು ಕೆಂಡದಲ್ಲಿ ಪೂರಾ ಬೇಯಿಸಿ, ಬೂದಿ ಒರೆಸಿ, ಉಗುರಷ್ಟು ಹಿಸಿದು ತಮ್ಮನ ಬಾಯಿಗೆ ಇಡುತ್ತಿದ್ದಳು. ರಕ್ತಕ್ಕೆ ಬೇಕಾದ ಕಬ್ಬಿಣ ಸೊಪ್ಪಿಗಿಂತ ಮಾಂಸದಿಂದ ಬೇಗ ಮೈಗೆ ಹತ್ತುತ್ತದೆಂದು ಡಾಕ್ಟರರ ಪುಸ್ತಕ ಹೇಳುತ್ತದೆ. ಅವ್ವ ಪುಸ್ತಕ ಓದಿದವಳಲ್ಲ. ಅದನ್ನು ತಿಂದವರು ಹೊಲಸು ಎಂದು ಊರು ಹೇಳಿತು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾನೂನು ಅದನ್ನೇ ಕಲಮುಗಳಲ್ಲಿ ಬರೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ತತ್ತಿ ಸೇರಿಸಿದಾಗ ಕೆಲವು ಮಠಾಧೀಶರು ಬೇಡವೆಂದು ಕುಳಿತರು. ಬೀದರ, ರಾಯಚೂರು, ವಿಜಯಪುರ ಮೊದಲಾದ ಏಳು ಜಿಲ್ಲೆಗಳ ಆ ಪಟ್ಟಿಯಲ್ಲಿ ಬೆಳಗಾವಿ ಇರಲಿಲ್ಲ. 2022ರಲ್ಲಿ ಎಲ್ಲ ಜಿಲ್ಲೆಗೂ ಬಂತು. ತತ್ತಿ ಕೊಡುವ ದಿನ ನನ್ನ ಶಾಲೆ ತುಂಬಿರುತ್ತದೆ. ಆದರೆ ಅದು ಶಾಲೆಗೆ ನಡೆದು ಬರುವ ಮಕ್ಕಳ ಮಾತು. ಮೆದುಳು ಭರದಿಂದ ಬೆಳೆಯುವುದು ಮೊದಲ ಎರಡು-ಮೂರು ವರ್ಷದಲ್ಲಿ. ಆ ವಯಸ್ಸಿನ ಕೂಸು ಶಾಲೆಯ ಹಾಜರಿಯಲ್ಲಿಲ್ಲ, ಯಾರ ಗಲಾಟೆಯಲ್ಲೂ ಇಲ್ಲ.

ಕಾಯಿದೆಯಲ್ಲಿ ಮಾತ್ರ ಇದೆ. 2013ರ ಆಹಾರ ಭದ್ರತಾ ಕಾಯಿದೆ ಆರು ತಿಂಗಳಿಂದ ಮೂರು ವರ್ಷದ ಕೂಸಿಗೆ ಮನೆಗೆ ಒಯ್ಯುವ ಆಹಾರ ಕೊಡಬೇಕೆನ್ನುತ್ತದೆ. ಅಂಗನವಾಡಿಯಿಂದ ಚೀಲ ಬರುತ್ತದೆ. ಮನೆಯಲ್ಲಿ ಹಸಿದವರು ಐದು ಮಂದಿ ಇದ್ದರೆ ಚೀಲದ ಮೇಲೆ ಕೂಸಿನ ಹೆಸರು ಎಷ್ಟು ದಿನ ಉಳಿದೀತು? ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆಂದು 2023ರಲ್ಲಿ ಸರಕಾರ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಹೆಸರು ಚೆಂದ ಐತಿ. ತಂಗಿಯ ಕೇರಿಯವರೆಗೆ ಅದು ನಡೆದು ಬಂದಿಲ್ಲ.

ಕಡೆಗೆ ದಾರಿ ಹುಡುಕಿದವರು ಆ ಹೆಣ್ಣಾಳುಗಳೇ. ತಂಗಿಯ ಗ್ಯಾಂಗಿನಲ್ಲಿ ಸಣ್ಣ ಕೂಸು ಇದ್ದವರು ಆರು ಮಂದಿ. ‘ಹೊಲದ ಕೆಲಸಕ್ಕ ಮುಯ್ಯಾಳು ಹೋಗೂದಿಲ್ಲೇನ? ಹಂಗ ಕೂಸಿಗೂ ಮುಯ್ಯಿ’ ಅಂದಳು ಒಬ್ಬಾಕೆ. ವಾರಕ್ಕೆ ಆರು ದಿನ ಕೆಲಸ, ಆರು ಮಂದಿ ತಾಯಂದಿರು. ದಿನಕ್ಕೊಬ್ಬರು ಹಿಂದುಳಿದು ಆರೂ ಕೂಸುಗಳಿಗೆ ಮಾಡಿ ಹಾಕುವುದು. ಒಬ್ಬೊಬ್ಬಳಿಗೆ ವಾರಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಹೋಗಲಿ ಅಂದರು. ಕಾಳು-ಕಡಿ ಎಲ್ಲರ ಮನೆಯದು, ಗಡಿಗೆ ಒಂದೇ.

ಆ ಗಡಿಗೆಯನ್ನು ರಜೆಯಲ್ಲಿ ಹೋದಾಗ ನಾನು ಕುಳಿತು ನೋಡಿದ್ದೇನೆ. ಎರಡು ಪಾಲು ಜೋಳದ ನುಚ್ಚು, ಒಂದು ಪಾಲು ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಮೆಂತೆಯೋ ನುಗ್ಗಿ ಎಲೆಯೋ ಎರಡು ಹಿಡಿ, ಚಿಟಿಕೆ ಉಪ್ಪು. ಮೆತ್ತಗಾದ ಮೇಲೆ ಶೇಂಗಾ ಎಣ್ಣೆ. ಉಣಿಸುವಾಗ ನಾಲ್ಕು ಹನಿ ಲಿಂಬಿಹಣ್ಣಿನ ರಸ. ಹುಳಿ ಇದ್ದರೆ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ, ಚಹಾ ಇದ್ದರೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಬೇಕು. ನೀರಂಥ ಗಂಜಿಯಿಂದ ಹೊಟ್ಟಿ ಡಬ್ ಅಂತೈತಿ, ಮೈಗೇನೂ ಸಿಗೂದಿಲ್ಲ. ಕೂಸಿನ ಹೊಟ್ಟೆ ಸಣ್ಣದು, ಒಮ್ಮೆಗೆ ಮುಕ್ಕಾಲು ಬಟ್ಟಲು ಹಿಡಿದರೆ ಹೆಚ್ಚು. ಅದಕ್ಕೇ ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ಬಾಳೆಹಣ್ಣೋ ಪಪ್ಪಾಯಿಯೋ. ಎರಡು ವರ್ಷದವರೆಗೆ ತಾಯಿಯ ಹಾಲು ಇದ್ದೇ ಇರಲಿ.

ಮನೆಯ ಸಾರಿನಿಂದಲೂ ಕೂಸಿನ ಪಾಲು ತೆಗೆಯಬಹುದು. ಸಂಕೇಶ್ವರದ ಮೆಣಸಿನಕಾಯಿ ಬೀಳುವ ಮೊದಲು ತೆಗೆದಿಟ್ಟರೆ ಆಯಿತು. ನಿನ್ನೆಯ ಒಣ ರೊಟ್ಟಿ ಬಿಸಿ ಬೇಳೆಯಲ್ಲಿ ನೆನೆದರೆ ಬೆಣ್ಣೆಯಂತಾಗುತ್ತದೆ. ವಾರಕ್ಕೆರಡು ದಿನ ಜವಾರಿ ತತ್ತಿ, ಪೂರಾ ಬೇಯಿಸಿ ಹಿಸುಕಿ. ಇಡೀ ಶೇಂಗಾ ಕೊಡಲೇಬಾರದು, ಗಂಟಲಿಗೆ ಸಿಕ್ಕರೆ ಜೀವ ಹೋಗುತ್ತದೆ. ಹುರಿದು ಹಿಟ್ಟಿನಂತೆ ಕುಟ್ಟಿ ತುಸು ಬೆಲ್ಲ ಸೇರಿಸಿದರೆ ಸಾಕು. ಗೋಕಾಕದ ಕರದಂಟು ಡಬ್ಬಿ ಸೇರಿ ದೂರದೂರಿಗೆ ಹೋಗುತ್ತದೆ. ನಮ್ಮ ಕೂಸುಗಳ ಕರದಂಟು ಇದೇ ಪುಡಿ.

ಆ ಹೆಂಗಸರು ಮಾಡಿದ ಇನ್ನೊಂದು ಕೆಲಸವನ್ನು ಯಾವ ಚಿತ್ರದಲ್ಲೂ ನಾನು ಕಂಡಿರಲಿಲ್ಲ. ಆರು ಕೂಸಿಗೆ ಆರು ತಾಟು. ಒಂದೇ ತಾಟಿನಲ್ಲಿ ಕೂಡಿಸಿದರೆ ದೊಡ್ಡ ಕೂಸಿನ ಕೈ ಮುಂದೆ, ಸಣ್ಣದರ ಬಾಯಿ ಹಿಂದೆ. ತಾಟು ಬೇರೆ ಇದ್ದರೆ ಯಾವುದು ಎಷ್ಟು ಉಂಡಿತು, ಯಾವುದು ಮುಖ ತಿರುವಿತು ಕಣ್ಣಿಗೆ ಕಾಣುತ್ತದೆ. ಮುಖ ತಿರುವಿದ ಕೂಸಿನ ಮೂಗು ಹಿಡಿದು ತುರುಕುವಂತಿಲ್ಲ. ಕಾಗೆ ತೋರಿಸಬೇಕು, ಕತೆ ಹೇಳಬೇಕು, ಅರ್ಧ ತಾಸು ಕಾಯಬೇಕು. ಕೂಲಿಯ ತಾಯಿಗೆ ಸಿಗದಿದ್ದದ್ದು ಈ ಅರ್ಧ ತಾಸು. ಬೇಳೆಯನ್ನಾದರೂ ಉದ್ರಿ ತರಬಹುದು, ಹೊತ್ತನ್ನು ಎಲ್ಲಿಂದ ತರಬೇಕು ಸ್ವಾಮಿ?

ಐದು ತಿಂಗಳಿಗೆ ತಂಗಿಯ ಕೂಸು 9 ಕಿಲೋ 100 ಗ್ರಾಂ ತೂಗಿತು. ಚುಕ್ಕೆ ಹಸಿರಿನ ಅಂಚಿಗೆ ಬಂದಿದೆ. ಏಳು ವರ್ಷದ ಅಕ್ಕ ಶಾಲೆಗೆ ಹೋಗುತ್ತಿದ್ದಾಳೆ. ಆರರಲ್ಲಿ ಒಂದು ಗಂಡುಕೂಸು ಮಾತ್ರ ಇದ್ದಲ್ಲೇ ಇದೆ. ಕೆಮ್ಮು ಬಿಟ್ಟಿಲ್ಲ, ದವಾಖಾನೆಗೆ ಎರಡು ಸಲ ಹೋಗಿ ಬಂದಿದ್ದಾರೆ, ಮತ್ತೆ ಕರೆದಿದ್ದಾರೆ.

ಈಗ ಗ್ಯಾಂಗಿನ ಮುಖ್ಯಸ್ಥ ತಕರಾರು ತೆಗೆದಿದ್ದಾನೆ. ‘ಆರು ಆಳು ಅಂತ ಮಾಲಕರಿಗೆ ಮಾತು ಕೊಟ್ಟೇನಿ, ಆರೂ ಬರಬೇಕು. ಇಲ್ಲಾಂದ್ರ ಬ್ಯಾರೆ ಊರಿನ ಗ್ಯಾಂಗ್ ತರ್ತೀನಿ’ ಅಂದ. ಶನಿವಾರ ರಾತ್ರಿ ಹೆಂಗಸರು ಕಟ್ಟೆಯ ಮೇಲೆ ಕುಳಿತು ಮಾತಾಡಿಕೊಂಡರು. ಸೋಮವಾರ ಐದೇ ಮಂದಿ ಹೋದರು.