ನಾನೇ ತೆಗೆದ ಒಂದು ಛಾಯಾಚಿತ್ರದ ಕುರಿತು

ಗಡಿನಾಡಿನ ಹೆತ್ತವರಲ್ಲಿ ಒಂದು ನಿವೇದನೆ.

ಕಳೆದ ಫೆಬ್ರವರಿಯಲ್ಲಿ ನಾನು ಹಂಚಿಕೊಂಡ ಒಂದು ಚಿತ್ರವನ್ನು ನಿಮ್ಮಲ್ಲಿ ಹಲವರು ಮೆಚ್ಚಿ ಮುಂದಕ್ಕೆ ಕಳುಹಿಸಿದ್ದೀರಿ. ಕಾಸರಗೋಡಿನ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಚಿತ್ರವದು. ತುಂಬಿದ ಬೆಂಚುಗಳು. ಕರಿಹಲಗೆಯ ಮೇಲೆ ಒಂದು ವೃತ್ತ, ಅದರೊಳಗೊಂದು ಜ್ಯಾ, ಪಕ್ಕದಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಪ್ರಮೇಯ. ಕೊನೆಯ ಅಕ್ಷರದ ಬಳಿ ಸೀಮೆಸುಣ್ಣ ಹಿಡಿದು ನಿಂತಿರುವ ಗಣಿತದ ಟೀಚರ್. ‘ಕನ್ನಡದಲ್ಲಿ ಗಣಿತ: ನಮ್ಮ ಶಾಲೆಯ ಹೆಮ್ಮೆ’ ಎಂಬ ಅಡಿಬರಹವನ್ನು ಬರೆದವನೂ ನಾನೇ.

ಆ ಚಿತ್ರದಲ್ಲಿರುವ 26 ಮಕ್ಕಳಲ್ಲಿ 10 ಮಂದಿ ಪಕ್ಕದ ಮಲಯಾಳ ಮಾಧ್ಯಮದ ತರಗತಿಯವರು. ಹಲಗೆಯ ಮೇಲಿನ ಅಕ್ಷರಗಳು ನನ್ನ ಮಗಳವು. ಪಠ್ಯಪುಸ್ತಕ ನೋಡಿ ಬರೆದು, ಓಡಿಬಂದು ಮೊದಲ ಬೆಂಚಿನಲ್ಲಿ ಕುಳಿತಿದ್ದಳು. ಟೀಚರಿಗೆ ಕನ್ನಡ ಬಾರದು. ತೆಂಕಣ ಜಿಲ್ಲೆಯಿಂದ ನೇಮಕವಾಗಿ ಬಂದವರು. ಮಲಯಾಳ ಮತ್ತು ಇಂಗ್ಲಿಷ್ ಬೆರೆಸಿ ತಿಳಿಸಿಕೊಡಲು ತಮ್ಮ ಶಕ್ತಿಮೀರಿ ಶ್ರಮಿಸುತ್ತಾರೆ. ಸೀಮೆಸುಣ್ಣವನ್ನು ಹೀಗೆ ಹಿಡಿಯಿರಿ ಎಂದು ನಾನು ಹೇಳಿದಾಗ ಅವರ ಮುಖದಲ್ಲಿ ಮೂಡಿದ ಸಂಕೋಚವನ್ನು ನಾನು ಕಂಡಿದ್ದೆ. ಕಂಡೂ ಕ್ಲಿಕ್ಕಿಸಿದೆ.

ಇದಕ್ಕೆ ಕಾರಣವಿತ್ತು. ಜೂನ್ ತಿಂಗಳ ಆರನೆಯ ಕಾರ್ಯದಿನದ ತಲೆ ಎಣಿಕೆಯೆಂದರೇನು ಎಂಬುದು ಕೇರಳದ ಹೆತ್ತವರಿಗೆ ಗೊತ್ತು. ಎಂಟನೆಯ ತರಗತಿಗೆ ಮಕ್ಕಳು ಬಾರದಿದ್ದರೆ ಡಿವಿಷನ್ ಹೋಗುತ್ತದೆ, ಅದರ ಹಿಂದೆಯೇ ಹುದ್ದೆಯೂ ಹೋಗುತ್ತದೆ. ಆಂಗ್ಲ ಮಾಧ್ಯಮದ ಬಸ್ಸುಗಳು ನಮ್ಮ ಅಂಗಳದವರೆಗೆ ಬರುತ್ತಿರುವಾಗ ಖಾಲಿ ಬೆಂಚುಗಳ ಚಿತ್ರ ತೋರಿಸಿ ಯಾರನ್ನು ಕರೆಯುವುದು? ರಕ್ಷಕ-ಶಿಕ್ಷಕ ಸಂಘದ ಪದಾಧಿಕಾರಿಯಾಗಿ ನನಗೆ ಅದು ಸುಳ್ಳೆಂದು ತೋರಲಿಲ್ಲ. ಮದುವೆಮನೆಯ ಫೋಟೋದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುವುದಿಲ್ಲವೆ, ಅಂಥದ್ದೇ ಇದೂ ಎಂದುಕೊಂಡೆ.

ಜುಲೈಯಲ್ಲಿ ನಾವು ನಾಲ್ವರು ಹೆತ್ತವರು ಮನವಿಪತ್ರ ಹಿಡಿದು ಕಚೇರಿಯೊಂದಕ್ಕೆ ಹೋದೆವು. ಮಕ್ಕಳೀಗ ಹತ್ತನೆಯ ತರಗತಿ. ಮಾರ್ಚಿಯಲ್ಲಿ ಅವರು ಕನ್ನಡದಲ್ಲಿ ಪ್ರಶ್ನೆ ಓದಿ ಕನ್ನಡದಲ್ಲಿ ಉತ್ತರಿಸಬೇಕು. ಪಾಠ ಮಾತ್ರ ಕನ್ನಡದಲ್ಲಿ ನಡೆಯುತ್ತಿಲ್ಲ. ಮಾತೃಭಾಷೆಯ ಶಿಕ್ಷಣದ ಕುರಿತಾದ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತಕ್ಕೆ ಸೀಮಿತವೆಂಬುದನ್ನು ಬಲ್ಲೆವು. ಆದರೆ ಕನ್ನಡ ಮಾಧ್ಯಮವೆಂದು ಸರಕಾರವೇ ನಡೆಸುವ ತರಗತಿಗೆ ಕನ್ನಡ ಬಲ್ಲ ಶಿಕ್ಷಕರನ್ನು ಕೇಳುವುದು ಅಧಿಕಪ್ರಸಂಗವೆ? ಅಧಿಕಾರಿಗಳು ಮನವಿಯನ್ನು ತಾಳ್ಮೆಯಿಂದ ಓದಿದರು. ಬಳಿಕ ತಮ್ಮ ಮೊಬೈಲನ್ನು ನಮ್ಮತ್ತ ತಿರುಗಿಸಿದರು.

“ಇದು ನಿಮ್ಮದೇ ಶಾಲೆಯಲ್ಲವೆ? ಟೀಚರ್ ಕನ್ನಡದಲ್ಲೇ ಬರೆಯುತ್ತಿದ್ದಾರಲ್ಲ. ತೆಗೆದವರು ಯಾರು?”

“ನಾನೇ, ಸಾರ್.”

ಮನೆಗೆ ಬಂದು ಚಿತ್ರವನ್ನು ದೊಡ್ಡದಾಗಿಸಿ ನೋಡಿದೆ. ಮೊದಲ ಬೆಂಚಿನಲ್ಲಿ ಮಗಳ ಸಮವಸ್ತ್ರದ ಮೇಲೆ ಬಿಳಿಯ ಬೆರಳಚ್ಚುಗಳು. ಹಲಗೆಯ ಮೇಲೆ ಅಷ್ಟೆಲ್ಲ ಬರೆದರೆನ್ನಲಾದ ಟೀಚರ ಸೀರೆಯಲ್ಲಿ ಒಂದು ಕಣ ಸುಣ್ಣವೂ ಇಲ್ಲ. ಚಿತ್ರ ಸುಳ್ಳು ಹೇಳಿರಲಿಲ್ಲ. ಹೇಳಿದ್ದು ನನ್ನ ಅಡಿಬರಹ.

ಈ ಬಗೆಯ ಕೆಲಸಕ್ಕೆ ಛಾಯಾಗ್ರಹಣದಷ್ಟೇ ವಯಸ್ಸಾಗಿದೆ. ಅಮೆರಿಕದ ಮೂಲನಿವಾಸಿಗಳನ್ನು 20 ಸಂಪುಟಗಳಲ್ಲಿ ದಾಖಲಿಸಿದ ಎಡ್ವರ್ಡ್ ಕರ್ಟಿಸ್, ಪೀಗನ್ ಜನಾಂಗದ ಇಬ್ಬರು ಗುಡಾರದಲ್ಲಿ ಕುಳಿತಿರುವ ಚಿತ್ರವನ್ನು ತೆಗೆದ. ಅವರ ನಡುವೆ ಒಂದು ಗಡಿಯಾರವಿತ್ತು. ಅಚ್ಚಾದ ಚಿತ್ರದಲ್ಲಿ ಅದನ್ನು ಅಳಿಸಲಾಗಿತ್ತು. ಕಾಲವೇ ತಾಗದ ಜನರನ್ನು ನೋಡಬಯಸುವವರಿಗೆ ಗಡಿಯಾರ ಅಡ್ಡಿ. ಅಲ್ಪಸಂಖ್ಯಾತರ ಚಿತ್ರ ಹೇಗಿರಬೇಕೆಂದು ನೋಡುವವರು ಮೊದಲೇ ನಿಶ್ಚಯಿಸಿರುತ್ತಾರೆ. ನಮ್ಮಲ್ಲಿಗೂ ಆಗಸ್ಟಿನಲ್ಲಿ ಪತ್ರಿಕೆಯೊಂದರ ಛಾಯಾಗ್ರಾಹಕರು ಬಂದರು. ಮಕ್ಕಳು ಮುಚ್ಚಿದ ಪುಸ್ತಕದ ಮೇಲೆ ತಲೆಯಿಟ್ಟು ಮಂಕಾಗಿ ಕುಳಿತಿರಬೇಕೆಂದರು. ಮಕ್ಕಳಿಗೆ ನಗು ತಡೆಯಲಾಗದು. ಈ ಸಲದ ನಟನೆ ನಮಗೆ ಅನುಕೂಲವಾದದ್ದು; ನಾನು ಬೇಡವೆನ್ನಲಿಲ್ಲ. ಸಂಜೆ ಮಗಳು ಕೇಳಿದಳು: “ಪೇಪರಿನವರು ಬಂದರೆ ನಾವು ನಗಬಾರದಾ ಅಪ್ಪಾ?”

ಉತ್ತರ ಹುಡುಕುವಾಗ ನೆನಪಾದವನು ಇಪೋಲಿಟ್ ಬಯಾರ್. ಫ್ರಾನ್ಸಿನ ಹಣಕಾಸು ಇಲಾಖೆಯ ನೌಕರನಾಗಿದ್ದ ಈತ ತನ್ನದೇ ವಿಧಾನದಿಂದ ಛಾಯಾಚಿತ್ರ ತೆಗೆಯುವುದನ್ನು ಕಂಡುಹಿಡಿದಿದ್ದರೂ ಸರಕಾರದ ಮನ್ನಣೆಯೆಲ್ಲ ಡಾಗೇರನ ಪಾಲಾಯಿತು. 1840ರಲ್ಲಿ ಬಯಾರ್ ನೀರಿನಲ್ಲಿ ಮುಳುಗಿ ಸತ್ತವನಂತೆ ಕಣ್ಣುಮುಚ್ಚಿ ಕುಳಿತು ತನ್ನದೇ ಚಿತ್ರ ತೆಗೆದ. ಅದರ ಬೆನ್ನಿನಲ್ಲಿ, ಡಾಗೇರನಿಗೆ ಧಾರಾಳಿಯಾದ ಸರಕಾರ ತನಗೇನನ್ನೂ ಕೊಡದ್ದರಿಂದ ಈ ಬಡಪಾಯಿ ಮುಳುಗಿ ಸತ್ತನೆಂದು ಬರೆದ. ಆತ ಮತ್ತೆ 47 ವರ್ಷ ಬದುಕಿದ್ದ. ನಟನೆಯೇ ಆದರೂ ಅದು ಅಹವಾಲನ್ನು ಮರೆಸಲಿಲ್ಲ, ಹೊತ್ತು ನಿಂತಿತು. ನನ್ನ ಚಿತ್ರವೋ ನಮ್ಮ ಅಹವಾಲನ್ನೇ ನುಂಗಿತು.

ಹಾಗಾಗಿ ಆ ಫೆಬ್ರವರಿಯ ಚಿತ್ರವನ್ನು ಮುದ್ರಿಸಿ, ಅದರ ಹಿಂದೆ ಇದ್ದದ್ದನ್ನು ಇದ್ದಂತೆ ಬರೆದೆ: ಮಕ್ಕಳಲ್ಲಿ ಎಷ್ಟು ಮಂದಿ ಎಲ್ಲಿಯವರು, ಅಕ್ಷರ ಯಾರದು, ನಿಲ್ಲಿಸಿದವನು ಯಾರು. ಸಂಘದ ಸಭೆಯಲ್ಲಿ ಮಾತು ಬಿಸಿಯಾಯಿತು. “ಮುಂದಿನ ಜೂನಿನಲ್ಲಿ ಮಕ್ಕಳು ಬಾರದಿದ್ದರೆ ನೀವು ಹೊಣೆಯೋ?” ಎಂದು ಹಿರಿಯರೊಬ್ಬರು ಕೇಳಿದರು. ಹೊಣೆಯೆನ್ನುವ ಧೈರ್ಯ ನನಗಿರಲಿಲ್ಲ, ಇಂದಿಗೂ ಇಲ್ಲ. ಟೀಚರ್ ಮಾತ್ರ ಮಲಯಾಳದಲ್ಲಿ ಓದಿಸಿಕೊಂಡು ಕೇಳಿ, ಪೆನ್ನು ಕೇಳಿ ಪಡೆದು, ತಮಗೆ ಕನ್ನಡದ ತರಬೇತಿ ಕೊಡಬೇಕು, ಇಲ್ಲವಾದರೆ ಮಲಯಾಳ ಮಾಧ್ಯಮಕ್ಕೆ ವರ್ಗಾಯಿಸಬೇಕು ಎಂದು ಕೆಳಗೆ ಬರೆದು ರುಜು ಹಾಕಿದರು. ಮನವಿ ಮತ್ತೆ ಅದೇ ಕಚೇರಿಗೆ ಹೋಗಿದೆ. ಉತ್ತರ ಬಂದಿಲ್ಲ.

ನಿಮ್ಮಲ್ಲಿ ಯಾರ ಪುಟದಲ್ಲಾದರೂ ಆ ಚಿತ್ರ ಇನ್ನೂ ಇದ್ದರೆ ಅಳಿಸಬೇಕೆಂದು ನಾನು ಕೇಳುವುದಿಲ್ಲ. ಹಳೆಯ ಅಡಿಬರಹವನ್ನು ತೆಗೆದು, ಈ ಟಿಪ್ಪಣಿಯನ್ನು ಅದರ ಕೆಳಗೆ ಸೇರಿಸಿರಿ.